ಎದೆ ಮೇಲಿನ ಮೊಡವೆ: ಮುಚ್ಚಿಟ್ಟರೆ ಮಾಯದು

ಮುಖದಲ್ಲಿ ಮೊಡವೆ ಎದ್ದರೆ ಬೀದಿಯವರೆಲ್ಲ ಔಷಧಿ ಹೇಳುತ್ತಾರೆ. ಎದೆಯ ಮೇಲೆ ಎದ್ದರೆ ಹೆತ್ತ ತಾಯಿಗೂ ತೋರಿಸಲು ನಾಚಿಕೆ. ಮದ್ದೂರಿನ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ ವೇಲನ್ನು ಕತ್ತಿನವರೆಗೆ ಎಳೆದು ಪಿನ್ನು ಹಾಕಿಕೊಳ್ಳುತ್ತಾಳೆ. ಮಳವಳ್ಳಿ ಕಡೆಯ ಹುಡುಗ ನಾಲೆಗೆ ಈಜಲು ಹೋದರೂ ಅಂಗಿ ಬಿಚ್ಚುವುದಿಲ್ಲ. ಹೀಗೆ ಮುಚ್ಚಿಟ್ಟುಕೊಂಡೇ ತಪ್ಪು ಮದ್ದು ಮಾಡಿಕೊಳ್ಳುತ್ತಾರೆ.

ತಪ್ಪು ಕಲ್ಪನೆ: ರಕ್ತ ಕೆಟ್ಟಿದೆ, ಮೈ ಉಷ್ಣವಾಗಿದೆ.
ವಾಸ್ತವ: ಮುಖದಂತೆಯೇ ಎದೆ, ಬೆನ್ನಿನಲ್ಲೂ ಎಣ್ಣೆ ಗ್ರಂಥಿಗಳು ಒತ್ತಾಗಿವೆ. ಹರೆಯದ ಹಾರ್ಮೋನಿನಿಂದ ಜಿಡ್ಡು ಹೆಚ್ಚುತ್ತದೆ. ಅದಕ್ಕೆ ಸತ್ತ ಚರ್ಮ ಸೇರಿ ಕೂದಲ ಬುಡದ ರಂಧ್ರ ಕಟ್ಟಿಕೊಳ್ಳುತ್ತದೆ. ಒಳಗೆ ಬ್ಯಾಕ್ಟೀರಿಯಾ ಹೆಚ್ಚಿ ಊತ, ಕೀವು ಬರುತ್ತದೆ. ರಕ್ತಶುದ್ಧಿಯ ಕಷಾಯ ಕುಡಿದರೆ ಆ ರಂಧ್ರ ಬಿಡಿಸಿಕೊಳ್ಳುವುದಿಲ್ಲ. ಆದರೆ ಬೆವರಿನ ಪಾಲು ಇದೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವರ ಬನಿಯನ್ನು ಎದೆಗೆ ಅಂಟಿ ಉಜ್ಜುತ್ತಿದ್ದರೆ ಇರುವ ಮೊಡವೆ ಕೆರಳುತ್ತದೆ. ಕೆಲಸ ಮುಗಿದ ಕೂಡಲೇ ಸ್ನಾನ ಮಾಡಿ, ಒಗೆದ ಸಡಿಲ ಹತ್ತಿ ಬಟ್ಟೆ ಹಾಕಿಕೊಳ್ಳಿ.

ತಪ್ಪು ಕಲ್ಪನೆ: ಅದು ಕೊಳೆ, ತಿಕ್ಕಿ ತೊಳೆದರೆ ಹೋಗುತ್ತದೆ.
ವಾಸ್ತವ: ಒರಟು ನಾರಿನಲ್ಲಿ ತಿಕ್ಕಿದರೆ ಊತ ಹೆಚ್ಚುತ್ತದೆ. ಮೃದುವಾದ ಸೋಪು, ಬರಿಗೈ ಸಾಕು. ಎಣ್ಣೆ ಸ್ನಾನದ ದಿನ ತಲೆಯ ಕೊಬ್ಬರಿ ಎಣ್ಣೆ ಎದೆಗೆ ಇಳಿದು ರಂಧ್ರ ಮುಚ್ಚಬಹುದು. ಮೊದಲು ತಲೆ, ಕೊನೆಗೆ ಎದೆ, ಬೆನ್ನು ತೊಳೆಯಿರಿ.

ತಪ್ಪು ಕಲ್ಪನೆ: ಮದ್ದೂರು ವಡೆಯಂಥ ಕರಿದ ತಿಂಡಿಯೇ ಕಾರಣ.
ವಾಸ್ತವ: ತಿಂದ ಎಣ್ಣೆ ನೇರವಾಗಿ ಚರ್ಮದಲ್ಲಿ ಒಸರುವುದಿಲ್ಲ. ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಸಿಹಿ ಪಾನೀಯ, ಬೇಕರಿ ತಿನಿಸು ಕೆಲವರಲ್ಲಿ ಮೊಡವೆ ಹೆಚ್ಚಿಸುತ್ತವೆ.

ತಪ್ಪು ಕಲ್ಪನೆ: ಎದೆ ಮೇಲೆ ಎದ್ದದ್ದೆಲ್ಲ ಮೊಡವೆ.
ವಾಸ್ತವ: ಎಲ್ಲವೂ ಒಂದೇ ಗಾತ್ರದ, ಕಡಿತವಿರುವ ಸಣ್ಣ ಗುಳ್ಳೆಗಳಾದರೆ ಶಿಲೀಂಧ್ರದ ಸೋಂಕಿರಬಹುದು. ಅದಕ್ಕೆ ಮದ್ದೇ ಬೇರೆ. ಮೊಡವೆಯ ಆಂಟಿಬಯೋಟಿಕ್ ನುಂಗಿದರೆ ಅದು ಹೆಚ್ಚಾಗಲೂಬಹುದು.

ತಪ್ಪು ಕಲ್ಪನೆ: ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬಿನಿಂದ ಎರಡೇ ದಿನಕ್ಕೆ ಇಳಿಯಿತು, ಅದೇ ಒಳ್ಳೆಯದು.
ವಾಸ್ತವ: ಟ್ಯೂಬಿನ ಮೇಲೆ ಬೆಟಮೆಥಾಸೋನ್, ಕ್ಲೋಬೆಟಸಾಲ್ ಎಂದಿದ್ದರೆ ಅದು ಸ್ಟೀರಾಯ್ಡ್. ಮೊದಲು ಕೆಂಪು ಇಳಿಯುತ್ತದೆ. ಹಚ್ಚುತ್ತಲೇ ಹೋದರೆ ಚರ್ಮ ತೆಳುವಾಗಿ, ಹೊಸ ಗುಳ್ಳೆಗಳು ಏಳುತ್ತವೆ. ಇಂಥ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು.

ತಪ್ಪು ಕಲ್ಪನೆ: ಹಿಂಡಿದರೆ ಬೇಗ ವಾಸಿ. ಇಲ್ಲದಿದ್ದರೆ ಮದುವೆಯಾದ ಮೇಲೆ ತಾನಾಗಿ ಹೋಗುತ್ತದೆ.
ವಾಸ್ತವ: ಎದೆಯ ನಡುಭಾಗದ ಚರ್ಮ ಕೀಲಾಯ್ಡ್ ಆಗುವ ಜಾಗ. ಅಲ್ಲಿ ಹಿಂಡಿದ ಮೊಡವೆ ಗಟ್ಟಿಯಾಗಿ ಉಬ್ಬಿದ ಕಲೆಯಾಗಿ ವರ್ಷಗಟ್ಟಲೆ ಉಳಿಯಬಹುದು. ಮದುವೆಗೂ ಮೊಡವೆಗೂ ಸಂಬಂಧವಿಲ್ಲ. ಆದರೆ ಮೊಡವೆಯ ಜೊತೆಗೆ ಮುಟ್ಟೂ ಏರುಪೇರಾಗಿದ್ದರೆ, ಹಾರ್ಮೋನಿನ ತೊಂದರೆಯಾದ ಪಿಸಿಒಡಿ ಇದೆಯೇ ಎಂದು ನೋಡಿಸಬೇಕು. ಸಾಧಾರಣ ಮೊಡವೆಗೆ ಬೆಂಜಾಯ್ಲ್ ಪೆರಾಕ್ಸೈಡ್ ಇರುವ ವಾಷ್ ಹಚ್ಚಿ, ಒಂದೆರಡು ನಿಮಿಷ ಬಿಟ್ಟು ತೊಳೆದರೆ ಅನುಕೂಲ. ಅದು ಬಣ್ಣದ ಟವೆಲ್, ಯೂನಿಫಾರ್ಮಿನ ಮೇಲೆ ಬಿಳಿ ಮಚ್ಚೆ ಮಾಡುತ್ತದೆ, ಬಿಳಿ ಟವೆಲ್ ಬಳಸಿ. ಗುಣ ಕಾಣಲು 6ರಿಂದ 8 ವಾರ ಬೇಕು. ಗರ್ಭಿಣಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಯಾವ ಮದ್ದಿಗೂ ಮೊದಲು ವೈದ್ಯರಿಗೆ ಹೇಳಲೇಬೇಕು.

ನೋವಿನ ಗಂಟು, ಕೀವು, ಉಬ್ಬಿದ ಕಲೆ ಕಂಡರೆ ತಡ ಮಾಡಬೇಡಿ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಮದ್ದೂರು, ಮಳವಳ್ಳಿಯವರು ತಾಲ್ಲೂಕು ಆಸ್ಪತ್ರೆಯಿಂದಲೇ ಶುರು ಮಾಡಬಹುದು. ಹೆಣ್ಣುಮಕ್ಕಳು ಜೊತೆಗೆ ಅಮ್ಮನನ್ನೋ ಅಕ್ಕನನ್ನೋ ಕರೆದುಕೊಂಡು ಹೋಗಿ. ವೈದ್ಯರಿಗೆ ಅದು ದಿನವೂ ನೋಡುವ ಕಾಯಿಲೆ. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬನ್ನೂ ಮರೆಯದೆ ಒಯ್ಯಿರಿ. ಅರ್ಧ ಕಾರಣ ಅದರ ಮೇಲೇ ಬರೆದಿರಬಹುದು.