ಉಳಿಯುವ ನೋವು, ಜಾರುವ ನಲಿವು

‘ಮೊನ್ನೆ ಮದುವೆಮನೆಯಲ್ಲಿ ನಗ್ತಾ ಓಡಾಡ್ಕೊಂಡಿದ್ದಳಲ್ಲ, ಅವಳಿಗೆಂಥ ಖಿನ್ನತೆ?’ ಈ ಮಾತು ಕೇಳದವರು ಕಡಿಮೆ. ಖಿನ್ನತೆಯಿದ್ದವರು ಸದಾ ಅಳುತ್ತಿರಬೇಕು ಎಂಬ ನಂಬಿಕೆ ಇದರ ಹಿಂದಿದೆ. ಮಿದುಳಿನ ಸ್ಕ್ಯಾನ್‌ಗಳು ಹೇಳುವ ಕಥೆಯಲ್ಲಿ ಭಾವನೆಯ ಪ್ರಮಾಣದಷ್ಟೇ ಅದರ ಅವಧಿಯೂ ಮುಖ್ಯ.

2002ರಲ್ಲಿ ಅಮೆರಿಕದ ಗ್ರೆಗ್ ಸೀಗಲ್ ಮತ್ತು ಸಂಗಡಿಗರು ಸ್ಕ್ಯಾನರಿನೊಳಗೆ ಮಲಗಿದವರಿಗೆ ಒಂದೊಂದೇ ಪದ ತೋರಿಸಿದರು. ಅದು ಹಿತವೋ ಅಹಿತವೋ ಎಂದು ಗುರುತಿಸಬೇಕು. ಅದಾದ ಮೇಲೆ ಭಾವನೆಯ ಸೋಂಕೇ ಇಲ್ಲದ ಕೆಲಸ: ಕೆಲವು ಅಂಕಿಗಳನ್ನು ನೆನಪಿಟ್ಟುಕೊಳ್ಳುವುದು. ಸಂಶೋಧಕರ ಕಣ್ಣಿದ್ದದ್ದು ಮಿದುಳಿನ ಆಳದಲ್ಲಿದ್ದು ಭಾವನೆಗಳಿಗೆ ಸ್ಪಂದಿಸುವ, ಬಾದಾಮಿಯಾಕಾರದ ಅಮಿಗ್ಡಲಾ ಎಂಬ ಭಾಗದ ಮೇಲೆ. ಖಿನ್ನತೆ ಇಲ್ಲದವರಲ್ಲಿ ಅದರ ಚಟುವಟಿಕೆ 10 ಸೆಕೆಂಡಿನೊಳಗೆ ಇಳಿಯಿತು. ರೋಗಿಗಳಲ್ಲಿ ಕಹಿ ಪದ ಕಂಡು 25 ಸೆಕೆಂಡಾದರೂ, ಅಂಕಿಗಳ ಕೆಲಸ ನಡೆದಿದ್ದಾಗಲೂ, ಅದು ತಣಿದಿರಲಿಲ್ಲ. ಕಹಿಯನ್ನು ಮತ್ತೆ ಮತ್ತೆ ಮೆಲುಕು ಹಾಕುವ ಸ್ವಭಾವಕ್ಕೂ ಇದಕ್ಕೂ ಒಂದಿಷ್ಟು ನಂಟು ಕಂಡಿತು. ರೋಗಿಗಳು ಏಳೇ ಮಂದಿ. ಸೆಕೆಂಡುಗಳನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಆದರೂ ಬೆಳಿಗ್ಗೆ ಕಚೇರಿಯಲ್ಲಿ ಕೇಳಿದ ಒಂದು ಕೊಂಕು ಮಾತು ರಾತ್ರಿ ಊಟದ ತಟ್ಟೆಯವರೆಗೂ ಹಿಂಬಾಲಿಸುವುದು ಯಾಕೆಂದು ಇದರಿಂದ ಊಹಿಸಬಹುದು.

ನಲಿವಿನದು ತಿರುಗುಮುರುಗು. 2009ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಏರನ್ ಹೆಲ್ಲರ್, ರಿಚರ್ಡ್ ಡೇವಿಡ್‌ಸನ್ ತಂಡ ಹಿತವಾದ ಚಿತ್ರಗಳನ್ನು ತೋರಿಸಿ, ‘ಈ ಖುಷಿಯನ್ನು ಇನ್ನಷ್ಟು ಹೆಚ್ಚಿಸಿಕೊಳ್ಳಿ’ ಎಂದಿತು. ಸುಖ, ಬಹುಮಾನಗಳಿಗೆ ಸ್ಪಂದಿಸುವ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗ ಮೊದಮೊದಲು ರೋಗಿಗಳಲ್ಲೂ ಉಳಿದವರಷ್ಟೇ ಚುರುಕಾಗಿತ್ತು. ಪ್ರಯೋಗ ಮುಂದುವರಿದಂತೆ ರೋಗಿಗಳಲ್ಲಿ ಮಾತ್ರ ಸೊರಗಿತು. ಮದುವೆಮನೆಯ ಆ ನಗು ನಟನೆಯೇ ಆಗಿರಬೇಕಿಲ್ಲ.

ಇನ್ನು ಅಳು. ಮನಶ್ಶಾಸ್ತ್ರಜ್ಞ ಜೊನಾಥನ್ ರಾಟನ್‌ಬರ್ಗ್ ಮತ್ತು ಸಹೋದ್ಯೋಗಿಗಳು ದುಃಖದ ಸಿನಿಮಾ ತುಣುಕು ತೋರಿಸಿದಾಗ ಖಿನ್ನತೆಯಿದ್ದವರು ಉಳಿದವರಿಗಿಂತ ಹೆಚ್ಚೇನೂ ಅಳಲಿಲ್ಲ! ನಗಿಸುವುದಕ್ಕೂ ಅಳಿಸುವುದಕ್ಕೂ ಪ್ರತಿಕ್ರಿಯೆ ಮಂದವಾಗುವುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡಿದೆ. ‘ಏನೂ ಅನ್ನಿಸ್ತಾ ಇಲ್ಲ ಡಾಕ್ಟ್ರೇ’ ಎಂಬ ದೂರನ್ನು ಆಲಸ್ಯವೆಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು.

ಪ್ರಯೋಗಾಲಯದಾಚೆ ಒಂದು ಸೋಜಿಗವಿದೆ. ದಿನನಿತ್ಯದ ಬದುಕಿನ ನಡುವೆಯೇ ಆಗಾಗ ಮನಸ್ಥಿತಿ ದಾಖಲಿಸಿಕೊಂಡ ಅಧ್ಯಯನಗಳಲ್ಲಿ, ಏನಾದರೂ ಒಳ್ಳೆಯದು ನಡೆದಾಗ ರೋಗಿಗಳ ಬೇಸರ ಉಳಿದವರಿಗಿಂತ ಹೆಚ್ಚೇ ಇಳಿದಿತ್ತು. ತೊಡಕೆಂದರೆ, ಅಂಥ ಗಳಿಗೆಗಳು ತಾವಾಗಿ ಒದಗುವುದು ವಿರಳ. ಹಾಸಿಗೆಯಿಂದೇಳಲು ಹುರುಪೇ ಇರುವುದಿಲ್ಲ. ಅದಕ್ಕೇ ಒಂದು ಬಗೆಯ ಮನೋಚಿಕಿತ್ಸೆಯಲ್ಲಿ ಹುರುಪು ಬರಲೆಂದು ಕಾಯದೆ ಕೆಲಸವನ್ನೇ ಮೊದಲು ಗೊತ್ತುಮಾಡುತ್ತಾರೆ. ರೋಗಿ ಬರೆಯುವ ದಿನಚರಿಯಲ್ಲಿ ‘ಹತ್ತು ನಿಮಿಷ ನಡಿಗೆ’, ‘ತಂಗಿಗೆ ಫೋನು’ ಎಂಬಂಥ ಸಾಲುಗಳು, ಪಕ್ಕದಲ್ಲಿ ಆಗಿನ ಮನಸ್ಥಿತಿಗೆ ಕೊಟ್ಟ ಅಂಕ.