ಧರ್ಮಕೇಂದ್ರದ ಕಚೇರಿಗೆ ಸರಳ ಕಂಪ್ಯೂಟರ್ ಕ್ರಮ

ಧರ್ಮಕೇಂದ್ರದ ಕಚೇರಿ ಎಂದರೆ ಕಂಪ್ಯೂಟರ್, ಕಂಪ್ಯೂಟರ್ ಎಂದರೆ ಮೈಕ್ರೋಸಾಫ್ಟ್ ಆಫೀಸ್ ಎಂಬಂತಾಗಿದೆ. ಅದು ಒಳ್ಳೆಯ ತಂತ್ರಾಂಶವೇ. ಆದರೆ ಭಾನುವಾರದ ಪ್ರಕಟಣೆ, ವಾರ್ಡುಗಳ ಕುಟುಂಬ ಪಟ್ಟಿ, ವಂತಿಗೆಯ ಲೆಕ್ಕ ಇಷ್ಟಕ್ಕೆ ಅದು ಅನಿವಾರ್ಯವೇ ಎಂದು ನಾವು ಯೋಚಿಸಬೇಕಾಗಿದೆ.

ಆಫೀಸ್ 2016 ಮತ್ತು 2019 ಆವೃತ್ತಿಗಳಿಗೆ ಕಂಪೆನಿಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ಅವು ಈಗಲೂ ತೆರೆಯುತ್ತವೆ, ಆದರೆ ಸುರಕ್ಷತೆಯ ತಿದ್ದುಪಡಿಗಳು ಬರುವುದಿಲ್ಲ. ಹೊಸದಕ್ಕೆ ಹಣ ತೆರಬೇಕು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳು ಕಾಣುತ್ತವೆ. ಟೈಪ್ ಮಾಡಿದ ಯುವಕ ಗಲ್ಫ್‌ಗೆ ಹೋದರೆ, ಗುರುಗಳಿಗೆ ವರ್ಗವಾದರೆ, ಆ ಕಡತ ಯಾರಿಗೂ ದಕ್ಕುವುದಿಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಮೊದಲನೆಯದಾಗಿ, ಎಲ್ಲವನ್ನೂ ಯೂನಿಕೋಡ್ ಕನ್ನಡದಲ್ಲಿ ಬರೆಯೋಣ. ಪ್ರಕಟಣೆಗೆ ಅಲಂಕಾರ ಬೇಡ. ನೋಟ್‌ಪ್ಯಾಡಿನ ಸಾದಾ ಪಠ್ಯವೇ ಸಾಕು. ಅದು ಮೊಬೈಲಿನಲ್ಲೂ ತೆರೆಯುತ್ತದೆ. ಎರಡನೆಯದಾಗಿ, ಪಟ್ಟಿಗಳಲ್ಲಿ ಒಂದು ಸಾಲಿಗೆ ಒಂದೇ ಕುಟುಂಬವಿರಲಿ. ಬಣ್ಣ, ಕೂಡಿಸಿದ ಚೌಕಗಳು ಬೇಡ. ಆಗ ಪಟ್ಟಿಯನ್ನು ಯಾವ ತಂತ್ರಾಂಶಕ್ಕೂ ಸುಲಭವಾಗಿ ಸಾಗಿಸಬಹುದು. ಮೂರನೆಯದಾಗಿ, ಇತರರು ಓದಲಷ್ಟೇ ಬೇಕಾದ ಪತ್ರಗಳನ್ನು ಪಿಡಿಎಫ್ ರೂಪದಲ್ಲಿ ಕಳುಹಿಸೋಣ.

ಇದಕ್ಕಿಂತ ಹೆಚ್ಚಿನ ಕೆಲಸಕ್ಕೆ ಲಿಬ್ರೆ ಆಫೀಸ್ ಇದೆ. 2010ರಲ್ಲಿ ಆರಂಭವಾದ ಈ ತಂತ್ರಾಂಶ ಉಚಿತ. ಎಷ್ಟು ಕಂಪ್ಯೂಟರುಗಳಿಗೂ ಹಾಕಿಕೊಳ್ಳಬಹುದು. ಇದು ಬಳಸುವ ಓಡಿಎಫ್ ಕಡತ ಮಾದರಿ 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ವರ್ಡ್ ಕಡತಗಳನ್ನೂ ಇದು ತೆರೆಯುತ್ತದೆ, ಆದರೆ ಪುಟದ ವಿನ್ಯಾಸ ಕೆಲವೊಮ್ಮೆ ಅತ್ತಿತ್ತ ಆಗುವುದುಂಟು. ಆದ್ದರಿಂದ ಒಮ್ಮೆಲೇ ಬದಲಾಯಿಸದೆ ಹೊಸ ಕಡತಗಳಿಂದ ಆರಂಭಿಸುವುದು ಒಳಿತು.

ಒಂದು ಮಾತನ್ನು ಮರೆಯಬಾರದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನ, ವಿವಾಹ ಮತ್ತು ಮರಣದ ದಾಖಲೆ ಪುಸ್ತಕಗಳಿರಬೇಕು; ಹಳೆಯ ಪುಸ್ತಕಗಳನ್ನೂ ಜೋಪಾನವಾಗಿಡಬೇಕು. ಅಜ್ಜನ ಜ್ಞಾನಸ್ನಾನದ ದಾಖಲೆಯನ್ನು ಮೊಮ್ಮಗ ಇಂದು ಓದಲು ಯಾವ ತಂತ್ರಾಂಶವೂ ಬೇಕಿಲ್ಲ. ಕಂಪ್ಯೂಟರಿನ ಪ್ರತಿ ಹುಡುಕಲು ನೆರವಾಗಲಿ, ಮೂಲ ಪುಸ್ತಕದಲ್ಲೇ ಇರಲಿ.

ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಹಳೆಯ ಕಡತಗಳನ್ನು ತೆರೆಯಬಲ್ಲವರು ನಮ್ಮ ನಡುವೆ ಇರುವಾಗಲೇ ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮುಖ್ಯವಾದವುಗಳ ಒಂದು ಮುದ್ರಿತ ಪ್ರತಿಯನ್ನು ಕಪಾಟಿನಲ್ಲಿಡೋಣ.