ಸಪಾಟು ಎಲ್ಲಿಂದ ಬರುತ್ತದೆ?

ಎಂಜಿನ್ ಬಿಚ್ಚಿದ ಮೆಕ್ಯಾನಿಕ್ ಸಿಲಿಂಡರ್ ಹೆಡ್ಡಿನ ಮೇಲೆ ಉಕ್ಕಿನ ನೇರಪಟ್ಟಿಯನ್ನು ಅಡ್ಡ ಇಟ್ಟು, ಅಡಿಯಲ್ಲಿ ಬೆಳಕು ನುಸುಳುತ್ತದೆಯೇ ಎಂದು ಬಗ್ಗಿ ನೋಡುತ್ತಾನೆ. ಕೂದಲೆಳೆಯಷ್ಟು ಸಂದಿಯಿದ್ದರೂ ಗ್ಯಾಸ್ಕೆಟ್ ಸೋರಬಹುದು. ಲೋಹಕ್ಕೆ ಅಂಥ ಸಪಾಟು ಮೈ ಕೊಡುವುದು ಮಿಲ್ಲಿಂಗ್ ಮಷಿನ್.

ಅದರ ಫೇಸ್ ಮಿಲ್ ಕಟರ್ ಎಂದರೆ ಅಂಚಿನ ಸುತ್ತ ಹಲ್ಲುಗಳಿರುವ ಉಕ್ಕಿನ ಚಕ್ರ. ಹಲ್ಲುಗಳು ಟಂಗ್‌ಸ್ಟನ್ ಕಾರ್ಬೈಡಿನ ಪುಟ್ಟ ಬಿಲ್ಲೆಗಳು. ಷಾಪಿನಲ್ಲಿ ಇವನ್ನು ಇನ್ಸರ್ಟ್ ಎನ್ನುತ್ತಾರೆ. 80 ಮಿ.ಮೀ. ವ್ಯಾಸದ, ಆರು ಹಲ್ಲಿನ ಕಟರ್ ನಿಮಿಷಕ್ಕೆ 600 ಸುತ್ತು ತಿರುಗಿದರೆ ಹಲ್ಲಿನ ತುದಿ ನಿಮಿಷಕ್ಕೆ ಸುಮಾರು 150 ಮೀಟರ್ ಓಡುತ್ತದೆ. ಒಂದೊಂದು ಹಲ್ಲೂ ಪ್ರತಿ ಸುತ್ತಿಗೆ 0.1 ಮಿ.ಮೀ. ಕಚ್ಚಬೇಕಾದರೆ ಲೋಹದ ತುಂಡನ್ನು ಹೊತ್ತ ಟೇಬಲ್ ನಿಮಿಷಕ್ಕೆ 360 ಮಿ.ಮೀ. ಸರಿಯಬೇಕು. ತೀರಾ ವೇಗವಾದರೆ ಹಲ್ಲು ಮುರಿಯುತ್ತದೆ. ತೀರಾ ನಿಧಾನವಾದರೆ ಕೊರೆಯದೆ ಉಜ್ಜಿ ಸವೆಯುತ್ತದೆ. ಹದವಾಗಿ ಕಚ್ಚಿದಾಗ ಶಾಖದ ಬಹುಪಾಲು ಚೂರಿನ ಜೊತೆಗೇ ಹಾರಿಹೋಗುತ್ತದೆ. ಉಕ್ಕಿನ ಚೂರು ನೀಲಿಗಟ್ಟಿ ಬೀಳುತ್ತದೆ, ಜಾಬ್, ಅಂದರೆ ಕೊರೆಯುತ್ತಿರುವ ತುಂಡು, ಬರೀ ಬೆಚ್ಚಗಿರುತ್ತದೆ.

ಆದರೆ ಹಲ್ಲು ಎಷ್ಟೇ ಹರಿತವಾಗಿದ್ದರೂ ಸಪಾಟು ಅದರಿಂದ ಬರುವುದಿಲ್ಲ. ಟೇಬಲ್ ಸರಿಯುವ ದಾರಿ ಎಷ್ಟು ನೇರವೋ, ಕಟರನ್ನು ತಿರುಗಿಸುವ ಸ್ಪಿಂಡಲ್ ಟೇಬಲ್ಲಿಗೆ ಎಷ್ಟು ಲಂಬವೋ, ಜಾಬ್ ಅಷ್ಟೇ ಸಪಾಟು. ಟೇಬಲ್ ಸರಿಯುವ ದಿಕ್ಕಿಗೆ ಸ್ಪಿಂಡಲ್ 100 ಮಿ.ಮೀ.ಗೆ 0.05 ಮಿ.ಮೀ. ವಾಲಿದರೂ ಸಾಕು, ಈ ಕಟರ್ ಪೂರ್ತಿ ಅಗಲಕ್ಕೆ ಕೊರೆದ ಮೈ ನಡುವೆ 0.02 ಮಿ.ಮೀ. ತಗ್ಗಾಗುತ್ತದೆ. ಗುರುತು ಮೈಮೇಲೆಯೇ ಇರುತ್ತದೆ: ಸ್ಪಿಂಡಲ್ ಲಂಬವಾಗಿದ್ದರೆ ಕಟರಿನ ಹಿಂಬದಿಯ ಹಲ್ಲುಗಳೂ ತಾಗಿ ಕಮಾನುಗೆರೆಗಳು ಒಂದನ್ನೊಂದು ಹಾದುಹೋಗುತ್ತವೆ, ವಾಲಿದ್ದರೆ ಒಂದೇ ಕಡೆಗೆ ಬಾಗಿರುತ್ತವೆ.

ಹಿಡಿತವೂ ಮೋಸ ಮಾಡುತ್ತದೆ. ತೆಳು ತಟ್ಟೆಯನ್ನು ವೈಸಿನಲ್ಲಿ ಬಿಗಿದರೆ ಅದು ಬಾಗುತ್ತದೆ. ಬಾಗಿದ ಮೈಯನ್ನೇ ಸಪಾಟಾಗಿ ಕೊರೆದು ವೈಸ್ ಬಿಚ್ಚಿದರೆ ತಟ್ಟೆ ಮೊದಲಿನ ಆಕಾರಕ್ಕೆ ಮರಳುತ್ತದೆ, ಕೊರೆದ ಮೈ ಡೊಂಕಾಗುತ್ತದೆ. ಅದಕ್ಕೇ ಅನುಭವಿಗಳು ಕೊನೆಯ ಕಟ್‌ಗೆ ಮೊದಲು ಹಿಡಿತ ಸಡಿಲಿಸಿ, ಹಗುರವಾಗಿ ಮತ್ತೆ ಹಿಡಿಯುತ್ತಾರೆ.

ಹಾಗಾದರೆ ಮಷಿನಿನ ದಾರಿಗೆ ಸಪಾಟು ಕೊಟ್ಟವರು ಯಾರು? ಮಷಿನ್ ಕಟ್ಟುವ ಫಿಟ್ಟರ್‌ಗಳು. ಅವರು ಸಪಾಟಿನ ಮಾದರಿಯಾದ ಸರ್ಫೇಸ್ ಪ್ಲೇಟಿಗೆ ನೀಲಿ ಬಣ್ಣ ಹಚ್ಚಿ ದಾರಿಯ ಮೇಲೆ ಉಜ್ಜಿ, ನೀಲಿ ಹತ್ತಿದ ಉಬ್ಬುಗಳನ್ನು ಕೈಯಿಂದಲೇ ಕೆರೆದು ತೆಗೆಯುತ್ತಿದ್ದರು. 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿಯಿಂದಾಗಿ ಮಿಲ್ಲಿಂಗ್ ಮಷಿನ್ ಕಟ್ಟುವ ಈ ವಿದ್ಯೆ ಬೆಂಗಳೂರಿನಲ್ಲಿ ಬೇರೂರಿತು.

ಐಟಿಐ ಮುಗಿಸಿ ಷಾಪಿಗೆ ಕಾಲಿಡುವವರೇ, ಜಾಬ್ ಸಪಾಟಾಗದಿದ್ದರೆ ಹೊಸ ಇನ್ಸರ್ಟ್ ಕೇಳುವ ಮೊದಲು ಸ್ಪಿಂಡಲ್ಲಿಗೆ ಡಯಲ್ ಗೇಜ್ ಕಟ್ಟಿ, ಟೇಬಲ್ ಮೇಲೆ ಒಂದು ಸುತ್ತು ತಿರುಗಿಸಿ ನೋಡಿ.